ರೋಲರ್ ನಿಂತಿತ್ತು

ಹದಿನಾಲ್ಕನೇ ತಾರೀಕು, ಶುಕ್ರವಾರ. ಒಂದನೇ ವಾಯ್ಸ್ ನೋಟ್.

...ಅದೂ ಸಾಲದು ಅಂತ ಬಸ್ಸಿನ ಬಾಗಿಲಿಗೆ ಸಿಕ್ಕಾಕ್ಕೊಂಡು ಬ್ಯಾಗಿನ ಪಟ್ಟಿ ಕಿತ್ತೋಯ್ತು, ಬೂಟೊಳಗೆಲ್ಲ ನೀರು, ರೂಮಿಗೆ ಬಂದ್ರೆ ಗೀಸರ್ ಕೆಟ್ಟು ಕೂತಿದೆ. ಭಾವ, ಕೇಳಿಸ್ತಿದೆಯಾ? ನೀವು ಮೂರು ಸಲ ಮೆಸೇಜ್ ಹಾಕಿದ್ರಿ, ನಾನು ಉತ್ತರ ಕೊಡಲಿಲ್ಲ. ತಪ್ಪಾಯ್ತು, ಬೈಕೋಬೇಡಿ. ಎರಡು ವಾರದಿಂದ ತಲೆ ತುಂಬ ಇಂಗ್ಲಿಷ್ ಕ್ರಿಯಾಪದಗಳೇ. ಆದ್ರೆ ಇವತ್ತಿನದನ್ನ ನಿಮಗೆ ಹೇಳದೆ ಮಲಗಿದ್ರೆ ನನಗೆ ನಿದ್ದೆ ಹತ್ತಲ್ಲ.

ಇಸ್ತ್ರಿ ಆಂಟಿ ನೆನಪಿದ್ದಾರಲ್ಲ, ಲಾಂಡ್ರಿಯಲ್ಲಿ ನಿಮ್ಮ ಪಕ್ಕದ ಟೇಬಲ್ ಅವರದೇ ಇತ್ತು. ಹೋದ ತಿಂಗಳು ರೋಲರಿಗೆ ಸಿಕ್ಕಿ ಅವರ ಎರಡು ಬೆರಳು ಸುಟ್ಟವು. ನಿಮ್ಮ ಕೈ ಸುಟ್ಟಿತ್ತಲ್ಲ, ಅದೇ ಇಸ್ತ್ರಿ ರೋಲರ್. ಬೆಡ್‌ಶೀಟ್ ಸಿಕ್ಕಿಕೊಂಡಿತ್ತು. ಆಂಟಿ ಕೆಂಪು ಗುಂಡಿ ಒತ್ತಿದ್ರು, ಮಶೀನ್ ನಿಂತಿತು, ಆಮೇಲೇ ಕೈ ಹಾಕಿದ್ದು. ಆ ಕಡೆಯಿಂದ ಸೂಪರ್‌ವೈಸರ್ ಬಗ್ಗಿಯೂ ನೋಡದೆ ಆನ್ ಮಾಡಿಬಿಟ್ಟ. ಓಡ್ತಿದ್ದ ಮಶೀನಿಗೆ ಕೈ ಹಾಕಿದ್ಲು, ಅವಳದೇ ತಪ್ಪು ಅಂತ ಬರೆದೂ ಕೊಟ್ಟ. ಅದೇ ಗಟ್ಟಿಯಾದ್ರೆ ಆಂಟಿ ಕೆಲಸ ಹೋಗುತ್ತೆ, ನಿಮ್ಮನ್ನ ಕಳಿಸಿದ ಹಾಗೆ ಅವರನ್ನೂ ವೀಸಾ ರದ್ದು ಮಾಡಿ ಊರಿಗೆ ಕಳಿಸ್ತಾರೆ. ಕಣ್ಣಾರೆ ನೋಡಿದ್ದು ನಾನೊಬ್ಬ. ವಿಚಾರಣೆ ಇವತ್ತಿತ್ತು.

ಇಂಗ್ಲಿಷಲ್ಲಿ ನಾನೇ ಹೇಳ್ತೀನಿ ಅಂದಾಗ ಆಂಟಿ ನಕ್ಕರು. "ನೀನು ಬಾಯಿ ತೆರೆದ್ರೆ ಇಂಗ್ಲಿಷೇ ರಾಜೀನಾಮೆ ಕೊಡುತ್ತಲ್ಲೋ. ನಾನು ಈಗಲೇ ಸೂಟ್‌ಕೇಸ್ ಕಟ್ಟಿಡ್ಲಾ?"

"ಕಟ್ಟಿ. ನಾನೇ ಬಂದು ಬಿಚ್ತೀನಿ," ಅಂದೆ.

ಲೈಬ್ರರಿ ಮಹಡಿ ಮೇಲೆ ಸಂಜೆ ಕ್ಲಾಸಿಗೆ ಹೋಗ್ತೀನಿ ಅಂದಿದ್ದೆನಲ್ಲ. ಒಗೆದಾಯ್ತು, ಒಗೀತಿದೆ, ಒಗೀಬೇಕು, ಇಷ್ಟು ಬೇಗ ಬಂತು. ಆದ್ರೆ ಆಗಿಹೋದ ಎರಡು ಕೆಲಸದಲ್ಲಿ ಯಾವುದು ಮೊದಲು ಆಯ್ತು ಅಂತ ಹೇಳೋಕೆ ಒಂದು 'ಹ್ಯಾಡ್' ಹಾಕ್ತಾರೆ, ಅದು ನನ್ನ ಪ್ರಾಣ ತಿಂತು. ಒಂದಿನ ಟೀಚರ್ ಕೇಳಿದ್ರು: "ನಿನ್ನ ಟ್ರಾಲಿಯಲ್ಲಿ ಎರಡು ಶೀಟ್ ಇದೆ. ಮೊದಲು ಮಡಿಸಿದ್ದು ಎಲ್ಲಿರುತ್ತೆ?" ಕೆಳಗೆ ಅಂದೆ. "ಆ ಕೆಳಗಿನದಕ್ಕೆ ಹ್ಯಾಡ್ ಹಾಕು ಮಾರಾಯ," ಅನ್ನೋ ಅರ್ಥದಲ್ಲಿ ಏನೋ ಅಂದ್ರು. ಅವತ್ತಿಂದ ಟ್ರಾಲಿ ತಳ್ತಾ ತಳ್ತಾ ಗೊಣಗಿದ್ದೇ ಗೊಣಗಿದ್ದು. ಹುಡುಗನಿಗೆ ಏನೋ ಮೆಟ್ಕೊಂಡಿದೆ ಅಂತ ಆಂಟಿ ಎಲ್ಲರ ಹತ್ರ ಹೇಳಿದ್ರಂತೆ.

ಎರಡನೇ ವಾಯ್ಸ್ ನೋಟ್. ಮೊದಲನೆಯದು ಅರ್ಧಕ್ಕೇ ಹೋಗಿಬಿಡ್ತು.

ಮೇಲಿನ ಆಫೀಸು. ಉದ್ದ ಮೇಜು, ಆ ಕಡೆ ವಿಚಾರಣೆಯ ಮೇಡಂ, ಈ ಕಡೆ ನಾನು, ಗೋಡೆಗೆ ಒರಗಿಕೊಂಡು ಸೂಪರ್‌ವೈಸರ್. ನಾನು ಕೂತ್ಕೊಳ್ಳೋಕೆ ಮುಂಚೆಯೇ ಅವನು, "ಇವನಿಗೆ ನಿನ್ನೆ ನಾಳೆ ವ್ಯತ್ಯಾಸವೇ ಗೊತ್ತಿಲ್ಲ ಮೇಡಂ, ಇವನ ಪರವಾಗಿ ನಾನೇ ಹೇಳಿಬಿಡ್ತೀನಿ," ಅಂದ.

ನಾನು ಅಂದೆ, "ಬೇಡ. ನಿಧಾನ ಆಗುತ್ತೆ, ಆದ್ರೆ ನಾನೇ ಹೇಳ್ತೀನಿ." ಮೇಡಂ ಅವನಿಗೆ ಹೊರಗಿರಿ ಅಂದ್ರು.

ಕೈ ಹಾಕಿದಾಗ ಮಶೀನ್ ಓಡ್ತಿತ್ತಾ ಅಂತ ಕೇಳಿದ್ರು. ಇನ್ನೊಂದು ಸಲ ಕೇಳಿ ಅಂದೆ. ಕೇಳಿದ್ರು. ಆಗ ಹೇಳಿದೆ ಭಾವ. ಇಲ್ಲ, ದಿ ಮಶೀನ್ ಹ್ಯಾಡ್ ಸ್ಟಾಪ್ಡ್. ಮೊದಲು ಗುಂಡಿ ಒತ್ತಿದ್ರು, ನಿಂತಮೇಲೆ ಕೈ ಹಾಕಿದ್ರು, ಆಮೇಲೆ ಅವನು ಆನ್ ಮಾಡಿದ. ನಡುವೆ ಒಂದು ಕಡೆ ಎಡವಿದೆ, ನಾನೇ ನಿಲ್ಲಿಸಿ ಸರಿ ಮಾಡಿ ಮತ್ತೆ ಹೇಳಿದೆ. ಮೇಡಂ ನಗಲಿಲ್ಲ, ಬರ್ಕೊಂಡ್ರು.

ಕೊನೆಗೆ ಸಹಿ ಹಾಕು ಅಂತ ಕಾಗದ ಕೊಟ್ರು. ಒಂದೊಂದು ಸಾಲಿಗೂ ಬೆರಳಿಟ್ಟು ಓದಿದೆ. ಮಶೀನ್ ನಿಲ್ತಾ ಇತ್ತು ಅನ್ನೋ ಹಾಗೆ ಒಂದು ಕಡೆ ಬರೆದಿದ್ರು. ನಿಲ್ತಾ ಇರಲಿಲ್ಲ ಮೇಡಂ, ನಿಂತೇ ಬಿಟ್ಟಿತ್ತು ಅಂದೆ. ಹೊಡೆದುಹಾಕಿ ಹೊಸದಾಗಿ ಬರೆದ್ರು. ಆಫೀಸಿನವರ ಇಂಗ್ಲಿಷನ್ನ ನಿಮ್ಮ ಬಾಮೈದ ತಿದ್ದಿಸಿದ ಭಾವ. ನಮ್ಮಕ್ಕನಿಗೆ ಇದನ್ನ ಎರಡು ಸಲ ಹೇಳಿ.

ಆಂಟಿ ತಪ್ಪಿಲ್ಲ, ಕೆಲಸ ಉಳಿಯುತ್ತೆ ಅಂತ ಸಂಜೆಗೆ ತಿಳೀತು. ಆಂಟಿ ಬ್ಯಾಂಡೇಜ್ ಕೈಯಲ್ಲೇ ನನ್ನ ಬೆನ್ನಿಗೊಂದು ಗುದ್ದಿ, "ಬಾರೋ ಲಾಯರೇ, ಸೂಟ್‌ಕೇಸ್ ಬಿಚ್ಚು," ಅಂದ್ರು. ಬಿಚ್ಚಿ ಬಂದೆ. ತಡ ಆಗಿದ್ದೂ ಅದಕ್ಕೇ, ಬಸ್ಸಲ್ಲಿ ಪಟ್ಟಿ ಕಿತ್ತಿದ್ದೂ ಆಮೇಲೇ.

ನಿಮ್ಮ ಆರೋಗ್ಯ ನೋಡ್ಕೊಳ್ಳಿ. ಅಕ್ಕನಿಗೆ ನಮಸ್ಕಾರ, ಪುಟ್ಟಿಗೆ ನನ್ನ ಕಡೆಯಿಂದ ಕೆನ್ನೆಗೊಂದು ಮುತ್ತು. ಎಲ್ಲರೂ ನೂರ್ಕಾಲ ಚೆನ್ನಾಗಿರಿ.

ಇಂತಿ ನಿಮ್ಮ ಬಾಮೈದ.

ಮೂರನೇ ವಾಯ್ಸ್ ನೋಟ್. ಹೇಳೋದು ಬಿಟ್ಟಿದ್ದು ಒಂದಿದೆ.

ಭಾವ, ಎರಡು ವರ್ಷದ ಹಿಂದೆ ಸೂಪರ್‌ವೈಸರ್ ಸುಳ್ಳು ಹೇಳಿ ನಿಮ್ಮನ್ನ ಕಳಿಸಿದ ಅಂತ ನೀವು ನಂಬಿದ್ದೀರಿ. ಅಕ್ಕ ಇವತ್ತಿಗೂ ಅವನಿಗೆ ಶಾಪ ಹಾಕ್ತಾಳೆ. ಅವತ್ತು ನನ್ನನ್ನೂ ಒಳಗೆ ಕರೆದಿದ್ರು. ನಾನು ಬಂದು ಮೂರು ವಾರ ಆಗಿತ್ತು. ಇವತ್ತು ಕೇಳಿದ ಪ್ರಶ್ನೆಯನ್ನೇ ಕೇಳಿದ್ರು, ಕೈ ಹಾಕಿದಾಗ ಮಶೀನ್ ಓಡ್ತಿತ್ತಾ ಅಂತ. ದೊಡ್ಡವರು ಮಾತಾಡುವಾಗ ಕೇಳಿಸಿಕೊಳ್ತಿದ್ದೀನಿ ಅಂತ ಹೂಂಗುಡ್ತೀವಲ್ಲ, ಹಾಗೆ ನಾನು ಪ್ರತಿ ಮಾತಿಗೂ ಯೆಸ್, ಯೆಸ್ ಅಂದೆ. ಅವರು ಅದನ್ನೇ ಬರ್ಕೊಂಡ್ರು. ನಾನು ಓದದೆ ಸಹಿ ಹಾಕಿದೆ. ಏನು ಕೇಳಿದ್ರು, ನಾನು ಏನಂದೆ ಅಂತ ಗೊತ್ತಾಗಿದ್ದು ಈ ವರ್ಷ, ಕ್ಲಾಸಲ್ಲಿ ಕೂತಿದ್ದಾಗ. ಅವತ್ತೂ ಮಶೀನ್ ನಿಂತಿತ್ತು, ನಾನೇ ನೋಡಿದ್ದೆ. ನಿಮ್ಮನ್ನ ಕಳಿಸಿದ್ದು ನನ್ನ ಬಾಯಿ ಭಾವ.

ಆ ಹಳೇ ಕಾಗದ ತೆಗೆಸ್ತೀರಾ, ನನ್ನ ಹೇಳಿಕೆ ಬದಲಾಯಿಸಬೇಕು ಅಂತ ಮೇಡಂ ಹತ್ರ ಕೇಳಿದ್ದೀನಿ. ನಿಮ್ಮ ಸಹಿ ಇರೋ ಅರ್ಜಿ ಬಂದ್ರೆ ನೋಡ್ತೀನಿ ಅಂದಿದ್ದಾರೆ. ಬೈಯೋದಿದ್ರೆ ಬೈಯಿರಿ, ಈ ಸಲ ಹೂಂಗುಡದೆ ಕೇಳ್ತೀನಿ. ನಾಳೆ ನನಗೆ ರಜೆ. ನಿಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಹತ್ತೂವರೆಗೆ ಫೋನ್ ಮಾಡಿ.