ಹಲ್ಲಲ್ಲಿ ಕಚ್ಚಿದ ದಾರ

೨೭ ಫೆಬ್ರವರಿ ೧೯೬೧, ಸೋಮವಾರ

ಎಂಟರ ಗಾಡಿ, ಹರಿಹರದಿಂದ ದಾವಣಗೆರೆ. ದಾರಿಯುದ್ದಕ್ಕೂ ಕಪ್ಪೆಯ ತಲೆಯ ನರಗಳು ಬಾಯಿಪಾಠ—ಹತ್ತಕ್ಕೆ ಹತ್ತೂ ಬಂದವು. ಕಾಲೇಜಿನಲ್ಲಿ ಕಪ್ಪೆ ಕೊಯ್ಯಲು ಉಳಿದವರಿಗೆ ಒಂದು ಗಂಟೆ, ನನಗೆ ಇಪ್ಪತ್ತು ನಿಮಿಷ. ಟೇಲರ್ ಜಮಾಲ್ ಸಾಬರ ಮಗಳು ನಾನು, ಹೊಲಿಗೆ ಬಿಚ್ಚುವುದನ್ನು ಯಾರಾದರೂ ಕಲಿಸಬೇಕೆ? ಜಂಬವೇ ಸರಿ. ಇಲ್ಲಿ ಓದುವವರು ಯಾರು...

ಮೆಡಿಕಲ್ ಕಾಲೇಜಿನ ಅರ್ಜಿ ಇನ್ನೂ ಅಬ್ಬಾರ ಮೆಷಿನ್ ಡ್ರಾಯರಿನಲ್ಲೇ ಇದೆ. "ಪ್ರಾಕ್ಟಿಕಲ್ ಆಗ್ಲಿ. ಪರೀಕ್ಷೆ ಮಾಡೋರು ಹೌದು ಅನ್ಲಿ. ಆಮ್ಯಾಲೆ ಸೈನ್" ಅಂದಿದ್ದಾರೆ ಅಬ್ಬಾ.

೨ ಮಾರ್ಚ್, ಗುರುವಾರ

ರಕ್ತದ ಸ್ಲೈಡ್. ನಮ್ಮದೇ ಬೆರಳು ಚುಚ್ಚಿ, ಒಂದು ಹನಿ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಬೇಕು. ಪಕ್ಕದ ಕೊಟ್ರವ್ವನದರಲ್ಲಿ ಕಣಗಳು ದುಂಡುದುಂಡಗೆ. ನನ್ನದರಲ್ಲಿ ಏನೂ ಇಲ್ಲ. ಬರೀ ಕೆಂಪು ಕಲೆ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ.

ವಾಮದೇವಪ್ಪ ಮೇಷ್ಟ್ರು ನೋಡಿ, "ನೀರು ಬೆರೆತೈತಮ್ಮ, ಕಣ ಒಡೆದು ಹೋಗ್ಯಾವು" ಅಂದರು.

ಗಾಜು ಒರೆಸಿದ್ದೆ. ಸೂಜಿ ಒರೆಸಿದ್ದೆ. ನೀರು ಎಲ್ಲಿಂದ ಬರಬೇಕು? ಸಿಟ್ಟು ನೆತ್ತಿಗೇರಿದೆ.

೫ ಮಾರ್ಚ್, ಭಾನುವಾರ

ಸಿಕ್ಕಿತು.

ರಂಜಾನ್ ಹಬ್ಬದ ಬಟ್ಟೆ ರಾಶಿ ಬಿದ್ದಿದೆ. ಅಮ್ಮಿ ಗುಂಡಿ ಹಾಕುತ್ತಿದ್ದಳು. ಸೂಜಿ ಚುಚ್ಚಿತು, ಬೆರಳು ಸೀದಾ ಬಾಯಿಗೆ. ಗಿರಾಕಿಯ ಬಟ್ಟೆಗೆ ರಕ್ತ ತಾಗಬಾರದಲ್ಲ, ನಮ್ಮ ಮನೆಯಲ್ಲಿ ಎಲ್ಲರಿಗೂ ಇದೇ ರೂಢಿ. ಲ್ಯಾಬಿನಲ್ಲಿ ನಾನೂ ಅದನ್ನೇ ಮಾಡಿದ್ದೆ, ಗೊತ್ತೇ ಆಗದೆ. ಎಂಜಲು ಬೆರೆತ ರಕ್ತ. ಥೂ ನನ್ನ!

"ಅಮ್ಮೀ, ರೋಜಾ ಐತೆ" ಅಂದೆ, ಉಪವಾಸ ನೆನಪಿಸುತ್ತ.

"ಮರೆತು ಮಾಡಿದ್ರೆ ಅಲ್ಲಾಹ್ ಮಾಫ್ ಮಾಡ್ತಾನೆ ಬಿಡು."

ಪರೀಕ್ಷಕರು ಮಾಡುವುದಿಲ್ಲವಲ್ಲ. ಕೂತು ಐದು ಸಲ ಚುಚ್ಚಿಕೊಂಡೆ. ಬೇಡ ಬೇಡ ಅಂದರೂ ಐದು ಸಲವೂ ಕೈ ಮೇಲೆದ್ದಿತು. ಭಯವಾಯಿತು, ಸುಳ್ಳೇಕೆ.

ಅಮ್ಮಿ ನಕ್ಕಳು. "ಹಲ್ಲಲ್ಲಿ ದಾರ ಕಚ್ಕೊ. ಬಾಯಿ ಖಾಲಿ ಇದ್ರೆ ತಾನೆ ಬೆರಳು ಹೋಗೋದು?"

೧೦ ಮಾರ್ಚ್, ಶುಕ್ರವಾರ, ಸಂಜೆ

ಪ್ರಾಕ್ಟಿಕಲ್ ಮುಗಿಯಿತು. ಕಪ್ಪೆ—ಹದಿನೆಂಟು ನಿಮಿಷ. ಆಮೇಲೆ ರಕ್ತ. ದಾರ ಕಚ್ಚಿಕೊಂಡು ಚುಚ್ಚಿದೆ. ಬೆರಳು ಎದ್ದಿತು, ದಾರ ತಾಗಿತು, ಇಳಿಯಿತು.

ಮೈಸೂರಿನಿಂದ ಬಂದ ಪರೀಕ್ಷಕರು ನೋಡಿಬಿಟ್ಟರು. "ಬಾಯಲ್ಲಿ ಏನಮ್ಮ ಅದು, ಚೀಟಿಯಾ?"

ದಾರ ತೆಗೆದು ತೋರಿಸಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟವರು ಬಹಳ ಹೊತ್ತು ಎತ್ತಲೇ ಇಲ್ಲ.

"ವಾಮದೇವಪ್ಪನವರೇ, ಈ ಸ್ಲೈಡ್ ತೊಳೀಬೇಡಿ. ಮುಂದಿನ ವರ್ಷದ ಹುಡುಗರಿಗೆ ತೋರಿಸೋಕೆ ಇಟ್ಕೊಳ್ಳಿ."

ಮೇಷ್ಟ್ರು ಗಾಜಿಗೆ ಚೀಟಿ ಅಂಟಿಸಿದರು. ಮನುಷ್ಯನ ರಕ್ತ. ಕೆಳಗೆ ನನ್ನ ಹೆಸರು, ಫಕ್ರುನ್ನೀಸಾ.

ಮನೆಗೆ ಬಂದು ಅಬ್ಬಾರಿಗೆ ಎಲ್ಲ ಹೇಳಿದೆ. ಕತ್ತರಿ ಕೆಳಗಿಟ್ಟು ಕೇಳಿದರು. ಮತ್ತೆ ಕತ್ತರಿ ಎತ್ತಿಕೊಂಡರು. ನಾನು ಇದನ್ನು ಬರೆಯಲು ಕೂತೆ.

ಡ್ರಾಯರ್ ಎಳೆದ ಸದ್ದು.

"ಬೇಟಿ, ಪೆನ್ನು ಎಲ್ಲೈತೆ? ತಾ ಇಲ್ಲಿ."

ಮನೆಗೆಲ್ಲ ಇರುವುದು ಇದೊಂದೇ ಪೆನ್ನು. ಕೊಡಬೇ—