ಮುಳುಗಿದ ಹಡಗಿಗೆ ದೀಪ

ಲೇ ಇವಳೇ,

ನೀನಿರುವಲ್ಲಿಗೆ ಯಾವ ಅಂಚೆಯವನೂ ಬರಲಾರ. ಆದರೂ ಹೇಳದೆ ಇರಲಾರೆ: ನಮ್ಮ ಮಗಳು ಇವತ್ತು ನಡೆದಳು ಕಣೇ!

ಮುರಿದ ಕಾಲು ಕೂಡಿ ಪ್ಲಾಸ್ಟರ್ ಬಿಚ್ಚಿದ ಮೇಲೂ ಹೆದರಿ ಮಂಚ ಬಿಟ್ಟಿರಲಿಲ್ಲ. ಡಾಕ್ಟರು ಜಪ್ಪಯ್ಯ ಎಂದರೂ ಏಳಲಿಲ್ಲ. ಹಳೆಯ ಮಹಾಕಾದಂಬರಿಗಳನ್ನೆಲ್ಲ ಮುಂದಕ್ಕೆ ತಳ್ಳುವುದು ‘ಹೋಪ್’ ಎಂದು ಕಾಲೇಜಿನ ಇಂಗ್ಲಿಷ್ ಮೇಷ್ಟರು ಹೇಳಿದ್ದೊಂದೇ ನನಗೆ ನೆನಪಿತ್ತು. ಆಗಿನ ದಪ್ಪ ಪುಸ್ತಕವೊಂದನ್ನು ತೆಗೆದು, ದಿನಾ ಕನ್ನಡ ಮಾಡಿ ಹೇಳತೊಡಗಿದೆ. ಗಂಡನ ಹಡಗಿಗಾಗಿ ಒಬ್ಬಳು ಪ್ರತಿ ಸಂಜೆ ದಡದಲ್ಲಿ ದೀಪ ಹಚ್ಚುವ ಕಥೆ. ನೀನು ಹಾಸಿಗೆ ಹಿಡಿದು ಮಲಗಿದ್ದಾಗ ಈ ಉಪಾಯ ಹೊಳೆಯಲಿಲ್ಲ.

ಇವತ್ತು, ದೂರದಲ್ಲಿ ಹಾಯಿ ಕಂಡಿತು ಎನ್ನುವಲ್ಲಿಗೆ ನಿಲ್ಲಿಸಿ, ಪುಸ್ತಕದ ಸಮೇತ ಅಡುಗೆಮನೆಗೆ ಹೋಗಿ ಕೂತೆ.

“ಅಪ್ಪಾ, ಹಡಗು ಬಂತಾ?”

“ಇಲ್ಲಿಗೆ ಬಂದ್ರೆ ಹೇಳ್ತೀನಿ.”

“ಥೂ, ಮೋಸಗಾರ!”

ಗೋಡೆ ಹಿಡಿದುಕೊಂಡು, ಬೈಯುತ್ತಲೇ ಬಂದಳು. ಪುಸ್ತಕ ಕಸಿದುಕೊಂಡು ಹಾಳೆ ತಿರುವಿದಳು.

“ಅಪ್ಪಾ! ಹಡಗು ಮೊದಲ್ನೇ ಅಧ್ಯಾಯದಲ್ಲೇ ಮುಳುಗಿದೆಯಲ್ಲ! ನಿಮ್ಮ ಹಾಯಿ ಎಲ್ಲಿದೆ ಇಲ್ಲಿ?”

“ನನ್ನ ಇಂಗ್ಲಿಷ್ ನಿಂಗೊತ್ತಲ್ಲ ಮಗಳೇ.”

ಅವಳಿಗೆ ನಗು ತಡೆಯಲಾಗಲಿಲ್ಲ. ಎರಡು ಕೈಯಲ್ಲೂ ಪುಸ್ತಕವಿತ್ತು ಕಣೇ. ಅಡುಗೆಮನೆಯ ನಟ್ಟನಡುವೆ, ಏನನ್ನೂ ಹಿಡಿದುಕೊಳ್ಳದೆ, ನಿಂತು ನಗುತ್ತಿದ್ದಳು.