ಕೈ ಮುಗಿಯುವ ಸಾಲು

ಭದ್ರಾವತಿ
ಕಾರ್ತಿಕ ಸೋಮವಾರ, ೧೭-೧೧-೨೦೨೫

ಮಗಳು ಪ್ರಿಯದರ್ಶಿನಿಗೆ,

ಇಲ್ಲಿಂದಲೇ ನಿನ್ನ ತಲೆಯ ಮೇಲೆ ಕೈಯಿಟ್ಟು ಅಮ್ಮ ಬರೆಯುತ್ತಿರುವ ಕಾಗದ. ಶಿವನ ದಯೆಯಿಂದ ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ ಅಳಿಯಂದಿರೂ ಹಾಗೇ ಇರಲಿ ಎಂದು ಬೆಳಿಗ್ಗೆ ಪೂಜೆಯಲ್ಲಿ ಕೇಳಿಕೊಂಡೆ. ಇಷ್ಟು ದಿನ ನೀನು ಫೋನ್ ಮಾಡಿದಾಗಲೆಲ್ಲ ನಾನು ನಿಮ್ಮಪ್ಪನ ಕೈಗೆ ಕೊಟ್ಟು ಒಳಗೆ ಹೋದೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಶಿವಮೊಗ್ಗಕ್ಕೂ ನಮಗೂ ಒಂದು ಬಸ್ಸಿನ ದಾರಿ, ನಿನ್ನ ಮನೆಗೇ ಬಂದು ಹೇಳುವುದು ಬಿಟ್ಟು ಇವಳು ಕಾಗದ ಯಾಕೆ ಬರೆಯುತ್ತಾಳೆ ಎಂದು ನಿನಗೆ ಅನ್ನಿಸಬಹುದು. ನಿನ್ನ ದನಿ ಕೇಳಿದರೆ ನನಗೆ ಹೇಳಬೇಕೆಂದದ್ದೆಲ್ಲ ಮರೆತುಹೋಗುತ್ತದೆ ಪ್ರಿಯಾ. ಕಾಗದಕ್ಕಾದರೆ ಆ ತೊಂದರೆ ಇಲ್ಲ.

ನಿಮ್ಮಪ್ಪನಿಗೆ ಮಂಡಿನೋವು ಸ್ವಲ್ಪ ಕಮ್ಮಿ. ಹಿತ್ತಲಲ್ಲಿ ಅವರೆ ಹೂ ಬಿಟ್ಟಿದೆ, ಕಾಯಿ ಕಟ್ಟಿದರೆ ನಿನಗೆ ಕಳಿಸುತ್ತಾರಂತೆ. ದಿನಾ ಅದರ ಬುಡದಲ್ಲೇ ಕೂತಿರುತ್ತಾರೆ, ನನ್ನನ್ನೂ ಅಷ್ಟು ಮಾತಾಡಿಸುವುದಿಲ್ಲ.

ನಮ್ಮ ಅಂಗನವಾಡಿಯ ಪುಟ್ಟ ಭೂಮಿಕಾ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಜೀವಕ್ಕೆ ಏನೂ ಭಯವಿಲ್ಲ ಎಂದರು. ಬಲಗಾಲಿನ ಎರಡು ಬೆರಳು ಮಾತ್ರ ಉಳಿಯಲಿಲ್ಲ, ವಿಷ ಅಲ್ಲಿ ಮಾಂಸ ತಿಂದುಬಿಟ್ಟಿತ್ತಂತೆ. ಮೊನ್ನೆ ಅವರ ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದೆ.

ನಿನಗೆ ಗೊತ್ತಿರುವ ಸಂಗತಿಯೇ ಆದರೂ ಮೊದಲಿಂದ ಬರೆಯುತ್ತೇನೆ. ಬರೆದರೆ ನನಗೇ ತಿಳಿದೀತೇನೋ ಎಂಬ ಆಸೆ.

ಅಂಗನವಾಡಿಯ ಪುಟ್ಟ ಮಕ್ಕಳಿಗೂ ಇಂಗ್ಲಿಷ್ ಹೇಳಿಕೊಡಬೇಕು ಎಂದಾದಾಗ ನಾನು ಎಷ್ಟು ಹೆದರಿದ್ದೆ, ನೀನೇ ನೋಡಿದ್ದೀಯ. ಹಳ್ಳಿ ಶಾಲೆಯಲ್ಲಿ ಓದಿದವಳು, ನನ್ನ ಇಂಗ್ಲಿಷ್ ಬಸ್ಸಿನ ಬೋರ್ಡು ಓದುವಷ್ಟು. ನೀನು ಎರಡು ಭಾನುವಾರ ನಡುಮನೆಯಲ್ಲಿ ಕೂತು ನನಗೆ ಪಾಠ ಮಾಡಿದೆ. ಕಾಡುಪ್ರಾಣಿಗಳಿಂದ ಶುರುಮಾಡು, ಮಕ್ಕಳಿಗೆ ಅದು ಇಷ್ಟ ಎಂದೆ. ಮೊದಲು ಚಿತ್ರ ತೋರಿಸು, ಕನ್ನಡದಲ್ಲಿ ಅರ್ಥ ಹೇಳಬೇಡ, ಹಾಡು, ಹಾಡುತ್ತಾ ಮೈಯಲ್ಲಿ ಮಾಡಿ ತೋರಿಸು ಎಂದೆ. ಹಾಡನ್ನೂ ನೀನೇ ಕಟ್ಟಿಕೊಟ್ಟೆ. ‘ಐ ಸೀ ಅ ಟೈಗರ್, ಬಿಗ್ ಅಂಡ್ ಸ್ಟ್ರಾಂಗ್. ಐ ಸೀ ಅ ಸ್ನೇಕ್, ಥಿನ್ ಅಂಡ್ ಲಾಂಗ್.’ ಪ್ರತಿ ಪ್ರಾಣಿ ಆದ ಮೇಲೂ ಕೊನೆಯ ಸಾಲು ಒಂದೇ: ‘ಸ್ಟೆಪ್ ಬ್ಯಾಕ್, ಸ್ಟೆಪ್ ಬ್ಯಾಕ್, ಕಾಲ್ ಯುವರ್ ಅಮ್ಮ.’ ಹಿಂದೆ ಸರಿ, ಅಮ್ಮನನ್ನು ಕರೆ.

ಮಕ್ಕಳು ಎಷ್ಟು ಚೆನ್ನಾಗಿ ಕಲಿತವು. ನಮ್ಮ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಒಂದು ಮನೆ ತಮಿಳು, ಒಂದು ಮನೆ ತೆಲುಗು, ಆ ಕಡೆ ಉರ್ದು. ಕನ್ನಡ ಪದ್ಯ ಹೇಳಿಸಿದರೆ ಅರ್ಧ ಮಕ್ಕಳು ನನ್ನ ಬಾಯಿ ನೋಡುತ್ತಾ ಕೂರುತ್ತಿದ್ದವು. ಇಂಗ್ಲಿಷ್ ಎಲ್ಲರಿಗೂ ಹೊಸದು, ನನಗೂ ಹೊಸದು, ಹಾಗಾಗಿ ಯಾರಿಗೂ ನಾಚಿಕೆಯಿಲ್ಲ. ಸೊಂಡಿಲು ಮಾಡಿಕೊಂಡು, ಉಗುರು ತೋರಿಸಿಕೊಂಡು ಕುಣಿದವು. ಧಾಟಿ ಮಾತ್ರ ನಾನು ನಮ್ಮನೆ ಸಂಜೆಯ ಮಂಗಳಾರತಿಯದು ಹಾಕಿಕೊಂಡೆ, ನನಗೆ ಬರುವುದು ಅದೇ ತಾನೇ. ಸಹಾಯಕಿ ಕರಿಬಸಮ್ಮ ಒಲೆ ಮುಂದಿನಿಂದಲೇ, ‘ಅಕ್ಕೋರೆ, ಕರಡೀಗೂ ಆರತಿ ಎತ್ತಿಬಿಟ್ರಲ್ಲ’ ಎಂದು ನಕ್ಕಳು.

ಆ ಕೊನೆಯ ಸಾಲು ನನಗೆ ಸರಿಬರಲಿಲ್ಲ. ಆನೆ ಎಂದರೆ ಗಣಪತಿಯ ಮುಖ, ಹುಲಿ ಸಿಂಹ ಎಂದರೆ ಅಮ್ಮನವರ ವಾಹನ, ಹಾವು ಶಿವನ ಕೊರಳಲ್ಲಿದೆ. ಅವುಗಳ ಎದುರಿಗೆ ಹಿಂದೆ ಸರಿ ಎಂದು ಬಾಯಲ್ಲಿ ಹೇಳಿಸುವುದು ಹೇಗೆ? ಮೇಲಾಗಿ ಇರುವುದೊಂದು ಕೋಣೆ, ಹಿಂದೆ ಹಿಂದೆ ನಡೆದು ಮಕ್ಕಳು ಒಂದರ ಮೇಲೊಂದು ಬೀಳುತ್ತಿದ್ದವು. ಆ ಸಾಲು ತೆಗೆದು ‘ನಮಸ್ತೆ ನಮಸ್ತೆ, ಕ್ಲೋಸ್ ಯುವರ್ ಐಸ್’ ಎಂದು ಮಾಡಿದೆ. ಗುಡಿಯಲ್ಲಿ ಮಾಡುತ್ತೇವಲ್ಲ, ಹಾಗೆ ಕಣ್ಣು ಮುಚ್ಚಿ, ಒಂದು ಹೆಜ್ಜೆ ಮುಂದಿಟ್ಟು, ಬಗ್ಗಿ ಕೈ ಮುಗಿಯುವುದು. ಹುಲಿಗೂ ಅದೇ, ಹಾವಿಗೂ ಅದೇ. ನೋಡುವುದಕ್ಕೆ ಎರಡು ಕಣ್ಣು ಸಾಲದ ಹಾಗಿತ್ತು. ದೇವರೇ ತೋರಿಸಿದ ಉಪಾಯ ಎಂದುಕೊಂಡೆ.

ಶ್ರಾವಣದಲ್ಲಿ, ಪಂಚಮಿ ಕಳೆದ ಮೇಲೆ, ವಿಜಯೇಂದ್ರನ, ಅದೇ ನಮ್ಮ ವಿಜುವಿನ, ವಿಷಯ ಆಯಿತು. ನಿನಗೆ ನೆನಪಿರಬೇಕು, ಗುಂಡುಗುಂಡಗಿರುವ ಸೋಮಾರಿ ಪೋರ. ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಅರ್ಧಕ್ಕರ್ಧ ಮನೆ ಖಾಲಿ, ಗಿಡಗಂಟಿ ಕಿಟಕಿವರೆಗೆ ಬೆಳೆದಿದೆ. ಅಂಥ ಒಂದು ಖಾಲಿ ಮನೆಯ ನೀರಿನ ತೊಟ್ಟಿ ಹಿಂದೆ ಅವನೆದುರು ನಾಗರಹಾವು ಹೆಡೆ ಬಿಚ್ಚಿ ನಿಂತಿತು. ಹುಡುಗ ನಿಂತಲ್ಲೇ ನಿಂತು ಕೈ ಮುಗಿದ. ಹಾವು ಸ್ವಲ್ಪ ಹೊತ್ತು ನೋಡಿ ಪೊದೆಯೊಳಗೆ ಹೋಯಿತು. ಅವರಮ್ಮ ಕಿಟಕಿಯಿಂದ ಕಣ್ಣಾರೆ ಕಂಡಳು.

ಆಮೇಲೆ ಕೇಳಬೇಕೆ? ಆ ಜಾಗಕ್ಕೆ ಅರಿಶಿನ ಕುಂಕುಮ, ಹಾಲು. ನನ್ನನ್ನು ಕರೆಸಿ ಉಡಿ ತುಂಬಿದರು. ಪಕ್ಕದ ಬೀದಿಯ ಸುಭದ್ರಮ್ಮನವರು ಎಲ್ಲರೆದುರಿಗೆ, ಕಾನ್ವೆಂಟಿಗೆ ದುಡ್ಡು ಸುರಿದರೂ ಇಂಥ ವಿದ್ಯೆ ಸಿಗುವುದಿಲ್ಲ ಎಂದರು. ನನಗೆ ಎಷ್ಟು ಸಂತೋಷವಾಯಿತು ಎಂದರೆ ಆ ರಾತ್ರಿ ಊಟವೂ ಸೇರಲಿಲ್ಲ. ಕರಿಬಸಮ್ಮ ಒಬ್ಬಳು ಪಾತ್ರೆ ತೊಳೆಯುತ್ತಾ, ‘ಹಾವಿಗೆ ಇಂಗ್ಲಿಷ್ ತಿಳೀತದಾ ಅಕ್ಕೋರೆ? ನಂಗೇ ತಿಳಿಯಲ್ಲ’ ಎಂದಳು. ಅವಳಿಗೆ ಭಕ್ತಿ ಕಮ್ಮಿ ಎಂದುಕೊಂಡೆ.

ಈ ಸುದ್ದಿಯನ್ನು ನಿನಗೆ ಹೆಮ್ಮೆಯಿಂದ ಫೋನಿನಲ್ಲಿ ಹೇಳಿದೆ. ನೀನು ಪೂರ್ತಿ ಕೇಳಿಸಿಕೊಂಡು ನಿಧಾನವಾಗಿ ಅಂದೆ: ‘ಅಮ್ಮ, ನಮ್ ಸ್ಕೂಲ್ ಮಕ್ಕಳು ಹುಲಿ ನೋಡೋದು ತ್ಯಾವರೆಕೊಪ್ಪದ ಸಫಾರಿಯಲ್ಲಿ, ಬಸ್ಸಿನ ಜಾಲರಿ ಒಳಗೆ ಕೂತ್ಕೊಂಡು. ನಿನ್ ಮಕ್ಕಳಿಗೆ ಜಾಲರಿ ಇಲ್ಲ. ಆ ಸಾಲು ವಾಪಸ್ ಹಾಕು.’

ನಾನು ಏನಂದೆ ಎಂದು ಇಬ್ಬರಿಗೂ ಗೊತ್ತು. ನಿನಗೆ ಓದು ಹೆಚ್ಚಾಯ್ತು, ದೇವರಿಗೂ ಪಾಠ ಹೇಳ್ತೀಯಾ ಎಂದು ಫೋನಿಟ್ಟೆ. ಮಾರನೆಯ ದಿನ ಆ ಸಾಲನ್ನು ಮಕ್ಕಳಿಂದ ಇನ್ನೂ ಗಟ್ಟಿಯಾಗಿ ಹಾಡಿಸಿದೆ. ಸಂಜೆ ಗೇಟಿನ ಹತ್ತಿರ ತಾಯಂದಿರು ಕಾದು ನಿಂತು, ನಮ್ಮ ಮಗುವಿಗೆ ಸರಿಯಾಗಿ ಬಂತಾ ಟೀಚರ್ ಎಂದು ಕೇಳುತ್ತಿದ್ದರು. ಯಾರ ಹೆಜ್ಜೆ ತಪ್ಪಿದರೂ ನಾನು ತಿದ್ದುತ್ತಿದ್ದೆ. ಚೆನ್ನಾಗಿ ಮಾಡಿದವರಿಗೆ ಕಲ್ಲುಸಕ್ಕರೆ. ಭೂಮಿಕಾಳಿಗೆ ದಿನವೂ ಸಿಗುತ್ತಿತ್ತು.

ದಸರೆ ಕಳೆದ ಮೇಲಿನ ಆ ಬೆಳಿಗ್ಗೆ ಭೂಮಿಕಾಳ ಅಜ್ಜಿ ಚಿನ್ನಮ್ಮ ಬಟ್ಟೆ ಒಗೆಯುತ್ತಿದ್ದಳು. ಮಗು ಹಾಡುವುದು ಕೇಳಿಸಿತು, ಆಟ ಆಡುತ್ತಿದೆ ಎಂದುಕೊಂಡಳು. ತಿರುಗಿ ನೋಡುವ ಹೊತ್ತಿಗೆ ಭೂಮಿಕಾ ಕಣ್ಣು ಮುಚ್ಚಿಕೊಂಡು ಹೆಜ್ಜೆ ಮುಂದಿಟ್ಟು ಬಗ್ಗುತ್ತಿದ್ದಳಂತೆ. ಹಾವು ಇದ್ದದ್ದು ಆ ಹೆಜ್ಜೆಯ ಹತ್ತಿರ.

ಮುಂದಿನದು ನಿನ್ನ ಕಣ್ಣೆದುರಿಗೇ ಆಯಿತು. ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ನೀನು ನಮಗಿಂತ ಮೊದಲೇ ಬಂದು ನಿಂತಿದ್ದೆ. ದಿನವೂ ಫ್ಲಾಸ್ಕಿನಲ್ಲಿ ಗಂಜಿ ತಂದೆ. ನಾನು ಬೆಂಚಿನ ಮೇಲೆ ಕೂತು ಪಂಚಾಕ್ಷರಿ ಜಪ ಮಾಡುತ್ತಿದ್ದರೆ ಪಕ್ಕದಲ್ಲಿ ಕೂತು ನನ್ನ ಸೆರಗು ಸರಿಮಾಡಿದೆ. ಹಾಡಿನ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಮಗಳೇ.

ಯಾರೂ ನನ್ನನ್ನು ಬಯ್ಯುತ್ತಿಲ್ಲ, ಅದೇ ನನಗೆ ಕಷ್ಟವಾಗಿರುವುದು. ಚಿನ್ನಮ್ಮನ ಕಾಲಿಗೆ ಬೀಳೋಣ ಎಂದು ಹೋದೆ. ಅವಳು ನನ್ನ ಕೈ ಹಿಡಿದುಕೊಂಡು, ತನ್ನ ತಮಿಳು ಬೆರೆತ ಕನ್ನಡದಲ್ಲಿ, ‘ನೀವೇನು ಮಾಡ್ತೀರಿ ಟೀಚರಮ್ಮ, ಪಾಂಬು ಸಾಮಿಗೆ ಕೋಪ. ನಮ್ ಕೊಳಂದೆ ಹತ್ರಾನೇ ಏನೋ ಕೊರೆ ಇರ್ಬೇಕು’ ಎಂದಳು. ನಾಗಪ್ಪನ ಕೋಪವೂ ಅಲ್ಲ, ಮಗುವಿನಲ್ಲಿ ಕೊರತೆಯೂ ಇಲ್ಲ, ನಾನು ಕಲಿಸಿದ್ದು ತಪ್ಪು ಎಂದು ಬಿಡಿಸಿ ಹೇಳಿದೆ. ಅವಳು ನನ್ನ ಬಾಯಿ ಮುಚ್ಚಿದಳು. ಹಾಗೆಲ್ಲ ಅನ್ನಬೇಡಿ, ಇನ್ನೂ ಕೋಪ ಆಗುತ್ತದೆ ಎಂದಳು. ಸುಭದ್ರಮ್ಮನವರೂ ಅದೇ ಮಾತು. ಆ ಬುದ್ಧಿಯನ್ನು ಅವರ ತಲೆಗೆ ತುಂಬಿದವಳು ನಾನೇ, ಈಗ ತೆಗೆಯುವುದಕ್ಕೆ ಹೋದರೆ ಬರುತ್ತಿಲ್ಲ.

ಮಕ್ಕಳದೂ ಹಾಗೇ ಆಗಿದೆ. ಹೋದ ವಾರ ಅಂಗನವಾಡಿಯಲ್ಲಿ ನಿನ್ನ ಹಾಡನ್ನು ನೀನು ಹೇಳಿಕೊಟ್ಟಂತೆಯೇ ಶುರುಮಾಡಿದೆ. ಸ್ಟೆಪ್ ಬ್ಯಾಕ್ ಎಂದು ನಾನೇ ಹಿಂದೆ ಸರಿದು ತೋರಿಸಿದೆ. ನನ್ನ ಬಾಯಲ್ಲಿ ಆ ಧಾಟಿ ಬಂದ ತಕ್ಷಣ ಮಕ್ಕಳ ಕೈ ತಾನಾಗಿ ಸೇರಿ, ಕಣ್ಣು ಮುಚ್ಚಿಹೋದವು. ಒಂದು ಹೆಜ್ಜೆ ಮುಂದೆಯೂ ಬಂದವು. ಬೇಡ, ಬೇಡ ಎಂದು ನಾನು ಕೂಗಿಕೊಂಡೆ. ಒಂದೆರಡು ಮಕ್ಕಳು ಅಳುವುದಕ್ಕೆ ಶುರುಮಾಡಿದವು. ಕರಿಬಸಮ್ಮ ಬಂದು ಅವುಗಳ ಕಣ್ಣೊರೆಸಿ, ನನಗೂ ಒಂದು ಲೋಟ ನೀರು ಕೊಟ್ಟಳು.

ಅದಕ್ಕೇ ಈ ಕಾಗದ. ಶನಿವಾರ ನಿನಗೆ ಅರ್ಧ ದಿನ ತಾನೇ? ನೀನು ಬರಬೇಕು. ಧಾಟಿ ಬೇರೆ ಹಾಕು, ದನಿ ಬೇರೆ ಇರಲಿ, ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಹಿಂದೆ ಹಿಂದೆ ನಡೆಸು. ನಾನು ಒಳಗೇ ಇರುತ್ತೇನೆ, ಅವುಗಳ ಕಣ್ಣಿಗೆ ಬೀಳುವುದಿಲ್ಲ. ಎಷ್ಟು ಶನಿವಾರ ಬೇಕಾಗುತ್ತದೋ ಅಷ್ಟು ಶನಿವಾರ ಬಾ. ನಿಮ್ಮತ್ತೆಯವರಿಗೆ ನಾನೇ ಹೇಳುತ್ತೇನೆ.

ದೇವರ ಮೇಲಿನ ನಂಬಿಕೆ ಹೋಯಿತೇ ಎಂದು ನಿಮ್ಮಪ್ಪ ಕೇಳಿದರು. ಹೋಗಿಲ್ಲ. ದೀಪ ಹಚ್ಚುತ್ತೇನೆ, ವಿಭೂತಿ ಹಚ್ಚುತ್ತೇನೆ. ಮಂಗಳಾರತಿಯ ಹೊತ್ತಿಗೆ ಮಾತ್ರ ಬಾಯಿ ಬಿಡಲಾಗುವುದಿಲ್ಲ. ಗಂಟೆ ಬಾರಿಸಿ ಎದ್ದುಬಿಡುತ್ತೇನೆ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಸಂಕೋಚ ಪಟ್ಟುಕೊಂಡು ನನ್ನನ್ನು ಬಯ್ಯದೇ ಇರಬೇಡ. ನಿನ್ನ ತರಗತಿಯ ಮಕ್ಕಳೆಲ್ಲ ಕೈಕಾಲು ಗಟ್ಟಿಯಾಗಿ ಬೆಳೆಯಲಿ. ನಿನ್ನನ್ನು ಆ ಶಿವ ಕಾಯಲಿ.

ನಿನ್ನ ಅಮ್ಮ,
ಜಯಶೀಲಾ

ಇನ್ನೊಂದು ಮಾತು: ಭೂಮಿಕಾಳನ್ನು ಮಾತಾಡಿಸಿಕೊಂಡು ಬಂದೆ ಎಂದಷ್ಟೇ ಮೇಲೆ ಬರೆದೆ. ಅಲ್ಲಿ ಆದದ್ದನ್ನು ಬರೆಯದೆ ಕಾಗದ ಮಡಿಸಲು ಆಗಲಿಲ್ಲ. ಚಿನ್ನಮ್ಮ ಕಾಫಿ ಮಾಡಲು ಒಳಗೆ ಹೋಗಿದ್ದಳು. ಮಗು ಚಾಪೆಯಿಂದ ಎದ್ದು, ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿತು: ‘ಟೀಚರ್, ವಿಜು ಹಾಡ್ಲೇ ಇಲ್ಲ, ಹೆಜ್ಜೆನೂ ಹಾಕ್ಲಿಲ್ಲ. ಅವನಿಗೆ ಕಚ್ಚಲಿಲ್ಲ. ನಾನು ಎಲ್ಲಾ ಮಾಡ್ದೆ. ಎಲ್ಲಿ ತಪ್ಪಾಯ್ತು ನೋಡಿ ಹೇಳಿ.’ ಅಂದು, ಗೋಡೆ ಬಿಟ್ಟು, ಆ ಪಟ್ಟಿ ಕಟ್ಟಿದ ಕಾಲಲ್ಲೇ ನಿಂತು ಮೊದಲಿಂದ ಹಾಡಿತು ಪ್ರಿಯಾ. ಕಣ್ಣು ಮುಚ್ಚಿತು, ಹೆಜ್ಜೆ ಮುಂದಿಟ್ಟಿತು, ಬಗ್ಗಿತು. ಎಲ್ಲೂ ತಪ್ಪಿರಲಿಲ್ಲ.